ಪಾಪನಿವೇದನೆಗೆ ಬಾರದ ಮಾತು

ಗರ್ಭನಿರೋಧದ ವಿಷಯದಲ್ಲಿ ಮೈಸೂರು ಸರ್ಕಾರವೂ ರೋಮಿನ ಧರ್ಮಪೀಠವೂ ಒಂದೇ ವರ್ಷದಲ್ಲಿ ಬಾಯಿಬಿಟ್ಟವು, ಒಂದಕ್ಕೊಂದು ತದ್ವಿರುದ್ಧವಾಗಿ. 1930ರ ಜೂನ್‌ನಲ್ಲಿ ಮೈಸೂರು ಸಂಸ್ಥಾನ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶಿಸಿತು. ಸರ್ಕಾರವೇ ಮುಂದೆ ನಿಂತು ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲೇ ಮೊದಲು ಎಂದು ಇತಿಹಾಸಕಾರರು ಬರೆಯುತ್ತಾರೆ. ಅದೇ ಡಿಸೆಂಬರ್ 31ರಂದು ಪೋಪ್ ಹನ್ನೊಂದನೆಯ ಪಿಯುಸ್ ‘ಕಾಸ್ತಿ ಕೊನ್ನೂಬಿ’ ಪರಿಪತ್ರದಲ್ಲಿ ಕೃತಕ ಗರ್ಭನಿರೋಧವನ್ನು ಘೋರ ಪಾಪವೆಂದು ಸಾರಿದರು.

ಬೆಂಗಳೂರಿನ ದಂಡು ಪ್ರದೇಶ ಆಗ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು; ಮಹಾರಾಜರ ಆದೇಶ ಅಲ್ಲಿಗೆ ತಾಕುತ್ತಿರಲಿಲ್ಲ. ಧರ್ಮಪೀಠದ ಆದೇಶ ಮಾತ್ರ ತಾಕಿತು, ಅದೂ ಎಲ್ಲರಿಗೂ ಅಲ್ಲ. ಆ ಆಗಸ್ಟ್‌ನಲ್ಲಿ ಲ್ಯಾಂಬೆತ್‌ನಲ್ಲಿ ಸೇರಿದ್ದ ಆಂಗ್ಲಿಕನ್ ಬಿಷಪ್ಪರು ಕೆಲವು ಸಂದರ್ಭಗಳಲ್ಲಿ ಗರ್ಭನಿರೋಧಕ್ಕೆ ಒಪ್ಪಿಗೆ ಕೊಟ್ಟಿದ್ದರು. ಹಾಗಾಗಿ ಟ್ರಿನಿಟಿ ಚರ್ಚಿನ ದಂಪತಿಗೆ ಸಲ್ಲುವ ಕ್ರಮ, ಕಾಲ್ನಡಿಗೆಯ ದೂರದ ಸೇಂಟ್ ಪ್ಯಾಟ್ರಿಕ್ಸ್ ಚರ್ಚಿನ ದಂಪತಿಗೆ ಪಾಪವಾಯಿತು.

1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಸೂಲಗಿತ್ತಿಯರನ್ನು ಉದ್ದೇಶಿಸಿ ಮಾತನಾಡುತ್ತ, ಗಂಭೀರ ಕಾರಣವಿದ್ದರೆ ಗರ್ಭ ನಿಲ್ಲದ ದಿನಗಳನ್ನು ಲೆಕ್ಕಹಾಕಿ ಕೂಡುವುದು ತಪ್ಪಲ್ಲ ಎಂದರು. ಈ ದಿನಗಣನೆಯ ಪದ್ಧತಿಗೆ ಪ್ರಯೋಗಶಾಲೆಯಾದದ್ದು ಬೆಂಗಳೂರಿನ ಮಗ್ಗುಲಿನ ರಾಮನಗರ. ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧಿಯ ಶಿಷ್ಯೆ. ಸಂಯಮವಿಲ್ಲದ ಉಪಾಯಗಳು ಅವರಿಗೆ ಹಿಡಿಸುತ್ತಿರಲಿಲ್ಲ. ಅತ್ತ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕ್ಯಾಥೊಲಿಕ್ ದೇಶಗಳು ಕುಟುಂಬ ಯೋಜನೆಯ ಮಾತೇ ಬೇಡವೆಂದು ಪಟ್ಟುಹಿಡಿದಿದ್ದವು. ವ್ಯಾಟಿಕನ್ನಿನ ಒತ್ತಡ, ಗಾಂಧಿಯ ಬ್ರಹ್ಮಚರ್ಯ ಎರಡೂ ಸೇರಿ, ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ, ರಾಮನಗರದ ಹೆಂಗಸರ ಕೈಗೆ ಬಣ್ಣಬಣ್ಣದ ಮಣಿಸರ ಕೊಟ್ಟವು. ದಿನಕ್ಕೊಂದು ಮಣಿ ಸರಿಸಬೇಕು. ಬಣ್ಣ ನೋಡಿ ಗಂಡನನ್ನು ದೂರವಿಡಬೇಕು. ಸರ ಕೊರಳಲ್ಲಿದ್ದರೆ ಸಾಕು, ಗರ್ಭ ನಿಲ್ಲದು ಎಂದು ನಂಬಿದವರ ಕತೆಗಳು ಆಮೇಲೆ ಸಭೆಗಳಲ್ಲಿ ನಗೆಚಾಟಿಕೆಯಾದವು. ನನಗೆ ನಗು ಬರುವುದಿಲ್ಲ. ಗಂಡ ಒಪ್ಪದ ರಾತ್ರಿ ಮಣಿಯ ಬಣ್ಣ ಏನು ಮಾಡೀತು? ಕೊನೆತನಕ ಪದ್ಧತಿ ಪಾಲಿಸಿದ ದಂಪತಿಗಳು ಕೆಲವರೇ, ಪ್ರಯೋಗ ಬಿದ್ದುಹೋಯಿತು.

ಗುಳಿಗೆ ಬಂದ ಮೇಲೆ ರೋಮಿನಲ್ಲೇ ಚರ್ಚೆ ಎದ್ದಿತು. 1963ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ನೇಮಿಸಿದ ಆಯೋಗವನ್ನು ಆರನೆಯ ಪೌಲರು ಹಿಗ್ಗಿಸಿದರು. ಮುಂಬಯಿಯ ಕಾರ್ಡಿನಲ್ ವಲೇರಿಯನ್ ಗ್ರೇಷಿಯಸ್ ಅದರ ಸದಸ್ಯರಾಗಿದ್ದರು. 1966ರಲ್ಲಿ ಆಯೋಗದ ಬಹುಮತ ಬದಲಾವಣೆಯ ಕಡೆಗಿತ್ತು. ಅಷ್ಟರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ‘ಗೌದಿಯುಂ ಎತ್ ಸ್ಪೆಸ್’ನ 16ನೇ ಕಂಡಿಕೆಯಲ್ಲಿ ಅಂತಃಸಾಕ್ಷಿಯನ್ನು ಮನುಷ್ಯ ದೇವರೊಡನೆ ಒಬ್ಬನೇ ನಿಲ್ಲುವ ಗರ್ಭಗುಡಿಯೆಂದು ಕರೆದಿತ್ತು. ಅದೇ ದಾಖಲೆಯ 51ನೇ ಕಂಡಿಕೆ, ಧರ್ಮಸಭೆ ಒಪ್ಪದ ದಾರಿಯನ್ನು ದಂಪತಿಗಳು ಹಿಡಿಯಬಾರದು ಎನ್ನುತ್ತದೆ. ಅಂದಿನಿಂದ ಒಂದು ಪಕ್ಷಕ್ಕೆ 16 ಬಾಯಿಪಾಠ, ಇನ್ನೊಂದಕ್ಕೆ 51.

1968ರ ಜುಲೈ 25ರ ತಾರೀಖಿನ ಪೌಲರ ‘ಹುಮಾನೆ ವೀತೆ’ ಪರಿಪತ್ರ ಆಯೋಗದ ಬಹುಮತವನ್ನು ಬದಿಗಿಟ್ಟು ನಿಷೇಧವನ್ನೇ ಎತ್ತಿಹಿಡಿಯಿತು. ಬೆಲ್ಜಿಯಂ ಮತ್ತು ಕೆನಡಾದ ಬಿಷಪ್ಪರು, ಪ್ರಾಮಾಣಿಕವಾಗಿ ಯೋಚಿಸಿ ಬೇರೆ ತೀರ್ಮಾನಕ್ಕೆ ಬಂದವರನ್ನು ದೂರಮಾಡಬೇಡಿ ಎಂದು ಹೇಳಿಕೆ ಕೊಟ್ಟರು. ಇಲ್ಲಿ ಲೂರ್ದುಸ್ವಾಮಿಯವರು ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದರು. ಭಾರತ ಸರ್ಕಾರ 15 ಪೈಸೆಗೆ ಮೂರರಂತೆ ನಿರೋಧ್ ಮಾರಾಟಕ್ಕೆ ಬಿಟ್ಟದ್ದೂ ಅದೇ ವರ್ಷ. ಫ್ರೇಜರ್ ಟೌನಿನ ಪೆಟ್ಟಿಗೆ ಅಂಗಡಿಗೂ ಕ್ಲೀವ್‌ಲ್ಯಾಂಡ್ ಟೌನಿನ ಪ್ರಧಾನಾಲಯಕ್ಕೂ ನಡುವೆ ಬಹಳ ದೂರವಿರಲಿಲ್ಲ.

‘ಹುಮಾನೆ ವೀತೆ’ಯ 17ನೇ ಕಂಡಿಕೆಯನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಗರ್ಭನಿರೋಧವನ್ನು ಸರ್ಕಾರಗಳು ಜನರ ಮೇಲೆ ಹೇರಬಹುದೆಂಬ ಎಚ್ಚರಿಕೆ ಅಲ್ಲಿದೆ. ತುರ್ತು ಪರಿಸ್ಥಿತಿಯಲ್ಲಿ ಅದು ನಿಜವಾಯಿತು: 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಮನಸ್ಸಾಕ್ಷಿಯ ಶತ್ರು ಧರ್ಮಪೀಠವೊಂದೇ ಎಂದು ಬರೆಯುವ ನಮ್ಮ ಪ್ರಗತಿಪರರು ಈ ಪುಟವನ್ನು ಹಾರಿಸಿಬಿಡುತ್ತಾರೆ. ಒಲ್ಲದವರ ಮೇಲೆ ಸರ್ಕಾರವೇ ಕತ್ತಿ ಹಿಡಿದು ನಿಂತಾಗ, ಇಲ್ಲವೆನ್ನಲು ಬಲ ಕೊಟ್ಟ ಬೋಧನೆಯೂ ಇದೇ.

ಅಲ್ಲಿಂದೀಚೆಗೆ ಪೂರ್ವ ಬೆಂಗಳೂರು ಕಂಡುಕೊಂಡ ದಾರಿ ಮೌನದ್ದು. ಕ್ಯಾಥೊಲಿಕ್ ಆಸ್ಪತ್ರೆಗಳ ನಿಯಮದಲ್ಲಿ ಸಂತಾನಹರಣಕ್ಕೆ ಜಾಗವಿಲ್ಲ. ಆದರೆ ಶಿವಾಜಿನಗರದಲ್ಲಿ ಬೌರಿಂಗ್ ಇದೆ, ಘೋಷಾ ಆಸ್ಪತ್ರೆ ಇದೆ; ಇಂದಿರಾನಗರದಲ್ಲಿ ಸಿ.ವಿ.ರಾಮನ್ ಆಸ್ಪತ್ರೆ ಇದೆ. ಹೆರಿಗೆ ಸಿಸ್ಟರುಗಳ ಕೈಯಲ್ಲಿ, ‘ಆಪರೇಷನ್’ ಸರ್ಕಾರಿ ಆಸ್ಪತ್ರೆಯಲ್ಲಿ. ಸೆಪ್ಟೆಂಬರ್ 8ರ ಮಾತೆ ಮರಿಯಳ ಹಬ್ಬಕ್ಕೆ ಕಾವಿ ಸೀರೆ ಉಟ್ಟು ಶಿವಾಜಿನಗರದ ಬಸಿಲಿಕಾಕ್ಕೆ ಬರುವ ತಾಯಂದಿರು ಪರಮಪ್ರಸಾದ ಸ್ವೀಕರಿಸುತ್ತಾರೆ. ಪಾಪನಿವೇದನೆಯಲ್ಲಿ ಈ ಮಾತು ಎತ್ತುವುದಿಲ್ಲ. ಗುರುಗಳೂ ಕೆದಕುವುದಿಲ್ಲ. 1997ರಲ್ಲಿ ವ್ಯಾಟಿಕನ್ ಹೊರಡಿಸಿದ ಕೈಪಿಡಿ, ತಿಳಿಯದೆ ತಪ್ಪಿದವರನ್ನು ಕೆಲವೊಮ್ಮೆ ಅವರ ಪಾಡಿಗೆ ಬಿಡುವುದೇ ಮೇಲೆಂದು ಪಾಪನಿವೇದನೆ ಕೇಳುವವರಿಗೆ ಹೇಳಿತ್ತು. ಇಲ್ಲಿಯ ಹಳೆಯ ಫಾದರುಗಳಿಗೆ ಅದು ಹೊಸ ಪಾಠವೇನಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಕ್ರೈಸ್ತ ಮಹಿಳೆಯರ ಒಟ್ಟು ಫಲವತ್ತತೆ ದರ 1.88, ಹಿಂದೂಗಳದು 1.94. ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಬೋಧನೆ ಎಷ್ಟು ಜನರ ಮನೆಯೊಳಗೆ ಹೋಗಿದೆ ಎನ್ನುವುದಕ್ಕೆ ಇಷ್ಟು ಸಾಕು. ಈ ಲೆಕ್ಕದಿಂದ ಗಾಬರಿಯಾದವರೂ ಇದ್ದಾರೆ. 2021ರಲ್ಲಿ ಕೇರಳದ ಪಾಲಾ ಧರ್ಮಪ್ರಾಂತ್ಯ ಐದು ಮತ್ತು ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ತಿಂಗಳಿಗೆ 1,500 ರೂಪಾಯಿ ಕೊಡುವುದಾಗಿ ಪ್ರಕಟಿಸಿತು. ಇದರಲ್ಲಿ ವಿಧೇಯತೆಯೂ ಇಲ್ಲ, ಅಂತಃಸಾಕ್ಷಿಯೂ ಇಲ್ಲ. ಬರೀ ತಲೆ ಎಣಿಕೆ.

ಪೋಪ್ ಫ್ರಾನ್ಸಿಸ್ 2016ರ ‘ಅಮೊರಿಸ್ ಲೆತೀತ್ಸಿಯ’ದಲ್ಲಿ, ಅಂತಃಸಾಕ್ಷಿಯನ್ನು ರೂಪಿಸುವುದು ನಮ್ಮ ಕೆಲಸ, ಅದರ ಜಾಗದಲ್ಲಿ ನಾವೇ ಕೂರುವುದಲ್ಲ ಎಂಬರ್ಥದ ಮಾತು ಬರೆದರು. ನಿಷೇಧವನ್ನು ಮಾತ್ರ ತೆಗೆಯಲಿಲ್ಲ. ರೂಪಿಸಬೇಕಾದರೆ ಮಾತಾಡಬೇಕಲ್ಲ? ಮೌನದಲ್ಲಿ ಹೊರೆ ಹೊತ್ತವಳು ಹೆಂಗಸೇ. ಆಪರೇಷನ್ ಟೇಬಲ್ ಹತ್ತಿದವಳೂ ಅವಳೇ, ಪಾಪಿಯೋ ಅಲ್ಲವೋ ಎಂದು ಒಳಗೊಳಗೇ ತೂಗಿದವಳೂ ಅವಳೇ. ಗಂಡಿನ ಅಂತಃಸಾಕ್ಷಿಯನ್ನು ಯಾರೂ ವಿಚಾರಿಸಿದಂತಿಲ್ಲ. ಮದುವೆಗೆ ಮುಂಚಿನ ತರಬೇತಿ ಶಿಬಿರ ನಡೆಸುವ ಗುರುಗಳಲ್ಲಿ ಒಂದು ಬೇಡಿಕೆ: ‘ಗೌದಿಯುಂ ಎತ್ ಸ್ಪೆಸ್’ನ 16 ಮತ್ತು 51 ಎರಡೂ ಕಂಡಿಕೆಗಳನ್ನು ಕನ್ನಡದಲ್ಲಿ, ತಮಿಳಿನಲ್ಲಿ ಆ ಹುಡುಗ ಹುಡುಗಿಯರ ಮುಂದೆ ಓದಿ. ಪಕ್ಕದಲ್ಲಿ ಮಕ್ಕಳ ತಾಯಿಯಾದ ಒಬ್ಬ ಲೇಡಿ ಡಾಕ್ಟರನ್ನೂ ಕೂರಿಸಿ, ಪ್ರಶ್ನೆ ಕೇಳಲು ಬಿಡಿ.