ಚೌಡಿಕೆ ಯಾರ ಸ್ವತ್ತು?

ಕೋಗಳಿ ಅಂದರೆ ಪಾಠದ ಪುಸ್ತಕಕ್ಕೆ ಶಾಸನ, ಕೋಗಳಿ 500, ನೊಳಂಬರು, ಚಾಲುಕ್ಯರು. ದಾನ ಕೊಟ್ಟವನ ಹೆಸರು ಕಲ್ಲಿಗೇರಿತು. ಕೇರಿಯಲ್ಲಿ ಹಾಡಿದೋರ ಹೆಸರು ಏರಲಿಲ್ಲ. ಆಮೇಲೆ ಬಂದ ಗ್ರಾಮಫೋನ್ ಪ್ಲೇಟಿಗಾದರೂ ಏರಿತೇ?

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದರು. 1908ಕ್ಕೆ ಅಲ್ಲೇ ಪ್ಲೇಟಿನ ಕಾರ್ಖಾನೆ ಬಂತು. ಕಂಪನಿಗೆ ಬೇಕಾದದ್ದು ಪೆಟ್ಟಿಗೆ ಕೊಳ್ಳುವವರ ಸಂಗೀತ: ಕಚೇರಿ, ನಾಟಕದ ಪದ, ಮುಂದೆ ಸಿನಿಮಾ. ಪ್ಲೇಟಿನ ಒಂದು ಮಗ್ಗುಲು ಮೂರು ನಾಲ್ಕು ನಿಮಿಷ. ದರೋಜಿ ಈರಮ್ಮನ ಬುರ್ರಕಥೆ ಅಷ್ಟರಲ್ಲಿ ಮುಗಿಯೋದಲ್ಲ, ರಾತ್ರಿಗಟ್ಟಲೆ ನಡೆಯೋದು.

ಅಮೆರಿಕದಲ್ಲೂ ಜಾತಿಯಿತ್ತು. ಬ್ಯಾಂಜೊ ವಾದ್ಯದ ಬೇರು ಆಫ್ರಿಕದ ಗುಲಾಮರದು. ಆದರೆ 1920ರ ದಶಕದ ಕಂಪನಿಗಳು ಕರಿಯರ ಪ್ಲೇಟಿಗೆ 'ರೇಸ್' ಅಂತ, ಬಿಳಿ ಬಡವರ ಪ್ಲೇಟಿಗೆ 'ಹಿಲ್‌ಬಿಲಿ' ಅಂತ ಚೀಟಿ ಹಚ್ಚಿ ಬೇರೆಬೇರೆ ಮಾರಿದವು. 1970ರಲ್ಲಿ ಮೂವರು ಗೆಳೆಯರು ಕೈಯಲ್ಲಿದ್ದ ಪುಡಿಕಾಸಿನಲ್ಲಿ 'ರೌಂಡರ್' ಕಂಪನಿ ಶುರು ಮಾಡಿ, ಮೊದಲ ಪ್ಲೇಟನ್ನು ಜಾರ್ಜ್ ಪೆಗ್ರಮ್ ಎಂಬ ಹಳ್ಳಿ ಬ್ಯಾಂಜೊದವನಿಗೆ ಕೊಟ್ಟರು. ಅದೂ 2010ರಲ್ಲಿ ದೊಡ್ಡ ಕಂಪನಿಯ ಪಾಲಾಯಿತು ಅನ್ನಿ.

ನಮ್ಮಲ್ಲಿ ಆ ಬಾಗಿಲು ತೆರೆದದ್ದು ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದ್‌ರ 'ನಿತ್ಯೋತ್ಸವ' ಬಂತು. ಎಂಬತ್ತರ ದಶಕಕ್ಕೆ ನಕಲು ಮಾಡೋ ಯಂತ್ರವಿದ್ದವನೇ ಕಂಪನಿ ಮಾಲೀಕ. ಜಾತ್ರೆ ಅಂಗಡಿಗಳಲ್ಲಿ ಗೀಗೀ ಪದ, ಭಜನೆ, ನಾಟಕ, ಎಲ್ಲಮ್ಮನ ಪದ. ನಮ್ಮೋರ ದನಿ ಚಾದಂಗಡಿಯಲ್ಲಿ ಕೇಳಿತಲ್ಲ, ಅದು ಸಣ್ಣ ಮಾತಲ್ಲ.

ಆದರೆ ಲೆಕ್ಕ ಕೇಳಬೇಕು. 1957ರ ಕಾಪಿರೈಟ್ ಕಾಯಿದೆ ಧ್ವನಿಮುದ್ರಣ ಮಾಡಿಸಿದವನಿಗೆ ಒಡೆತನ ಕೊಟ್ಟಿತು. ಹಾಡಿದವರಿಗೆ ಹಕ್ಕು ಅಂತ ಬಂದದ್ದು 1994ರ ತಿದ್ದುಪಡಿಯಲ್ಲಿ. ತನ್ನ ಹಾಡಿನ ಜೊತೆ ತನ್ನ ಹೆಸರಿರಬೇಕು ಅಂತ ಕೇಳೋ ಹಕ್ಕು ಬಂದದ್ದು 2012ರಲ್ಲಿ! ಅಷ್ಟರಲ್ಲಿ ಕ್ಯಾಸೆಟ್ ಕಾಲವೇ ಮುಗಿದಿತ್ತು. ಒಂದು ಸಲದ ಕೂಲಿ ಹಾಡಿದವಳಿಗೆ, ಉಳಿದದ್ದು ಮಾಲೀಕನಿಗೆ. ಹೊಲದ ಲೆಕ್ಕವೇ ಇಲ್ಲಿಯೂ.

ಚೌಡಿಕೆ ಹಿಡಿದ ಎಷ್ಟೋ ತಾಯಂದಿರು ಮುತ್ತು ಕಟ್ಟಿಸಿಕೊಂಡವರು. 1982ರ ಕಾಯಿದೆ ಅದನ್ನು ನಿಷೇಧಿಸಿತು. ಮುತ್ತಿನ ಜೊತೆ ಚೌಡಿಕೆಯೂ ಹೋಗಲಿ ಅನ್ನೋ ಗೆಳೆಯರಿದ್ದಾರೆ. ನಾನು ಒಪ್ಪೋದಿಲ್ಲ. ಮುತ್ತು ಕಟ್ಟಿದವರು ಊರ ದೊಡ್ಡವರು, ಪದ ಕಟ್ಟಿದವಳು ಅವಳು. ಈರಮ್ಮ 2014ರಲ್ಲಿ ತೀರಿಕೊಂಡರು. ಅವರ ಕಾವ್ಯಗಳನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರ ಹೆಸರಲ್ಲೇ ಅಚ್ಚು ಹಾಕಿದೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಗೆ 2021ರಲ್ಲಿ ಪದ್ಮಶ್ರೀ ಬಂತು. ಉಳಿದವರು?

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಮೇಷ್ಟ್ರುಗಳೇ, ನಿಮ್ಮೂರಲ್ಲಿ ಹಳೇ ಕ್ಯಾಸೆಟ್ ಸಿಕ್ಕರೆ ಡಬ್ಬಿ ತಿರುಗಿಸಿ ನೋಡಿ. ಕಂಪನಿ ಹೆಸರು ಇದ್ದೇ ಇರತದೆ. ಹಾಡಿದವಳ ಹೆಸರಿಲ್ಲದಿದ್ದರೆ ಕೇರಿಗೆ ಹೋಗಿ ಕೇಳಿ ಬರಕೊಳ್ಳಿ; ಆಕೆ ಇದ್ದರೆ, ಎಷ್ಟು ಕೊಟ್ರವ್ವಾ ಅಂತಲೂ ಕೇಳಿ.