ಮುಸುಕಿನೊಳಗಿನ ಸಿಹಿ

ಅಮೆರಿಕದಲ್ಲಿ ಹಿತ್ತಲಲ್ಲಿ ಸಿಹಿಜೋಳ ಬೆಳೆಯುವವರ ನಡುವೆ ಹಳೆಯ ಮಾತೊಂದಿದೆ: ಮೊದಲು ಒಲೆಯ ಮೇಲೆ ನೀರಿಡಿ, ಅದು ಕುದಿಯತೊಡಗಿದ ಮೇಲೆ ತೆನೆ ಮುರಿಯಲು ಹೋಗಿ. ತಮಾಷೆಯಂತೆ ಕೇಳಿಸಿದರೂ ಇದು ಅನುಭವದ ಮಾತು. ಗಿಡದಿಂದ ಬೇರ್ಪಟ್ಟ ಗಳಿಗೆಯಿಂದಲೇ ಕಾಳಿನ ಸಕ್ಕರೆ ಕಡಿಮೆಯಾಗುತ್ತ ಹೋಗುತ್ತದೆ. ಹಳೆಯ ತಳಿಗಳಲ್ಲಂತೂ ಬೆಳಿಗ್ಗೆ ಮುರಿದ ತೆನೆಗೆ ಸಂಜೆಯ ಹೊತ್ತಿಗೆ ಆ ರುಚಿ ಇರುವುದಿಲ್ಲ.

ಈ ಸಿಹಿಯ ಮೂಲದಲ್ಲಿರುವುದು ಒಂದು ಕೊರತೆ. ಮಾಮೂಲಿ ಜೋಳದ ಕಾಳು ಬಲಿಯುತ್ತ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುತ್ತದೆ. ಸಿಹಿಜೋಳದಲ್ಲಿ ಒಂದು ಜೀನ್ ಕೆಟ್ಟಿರುವುದರಿಂದ ಆ ಕೆಲಸ ಪೂರ್ತಿ ನಡೆಯುವುದಿಲ್ಲ. ಒಣಗಿದಾಗ ಕಾಳು ಸುಕ್ಕುಗಟ್ಟುತ್ತದೆ. ಮೊಳಕೆಗೆ ಬೇಕಾದ ದಾಸ್ತಾನು ಅದರಲ್ಲಿ ಕಡಿಮೆ. ತಂಪು ನೆಲದಲ್ಲಿ ಬಿತ್ತಿದರೆ ಕೊಳೆತುಹೋಗುವುದೂ ಉಂಟು. ಇಂಥ ಬಡಕಲು ಬೀಜ ಉಳಿದುಬಂದಿದೆಯೆಂದರೆ, ಯಾರೋ ಅದನ್ನು ಬೇಕೆಂದೇ ಆರಿಸಿ ಎತ್ತಿಟ್ಟಿದ್ದಾರೆ ಎಂದರ್ಥ.

ಹಳೇ ಮೈಸೂರಿನ ಕಡೆ ಈ ಬೆಳೆಗೆ ಮುಸುಕಿನ ಜೋಳ ಎನ್ನುತ್ತಾರೆ. ಗಿಡದ ಇಡೀ ಚರಿತ್ರೆ ಆ ಹೆಸರಿನಲ್ಲಿದೆ. ಸುಮಾರು 9000 ವರ್ಷಗಳ ಹಿಂದೆ ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ನದಿಯ ಬಯಲಿನಲ್ಲಿ ಜನ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿದರು. ಆ ಹುಲ್ಲಿನ ಬೆರಳೆಣಿಕೆಯ ಗಟ್ಟಿಕಾಳುಗಳು ತಾವೇ ಉದುರಿ ಹರಡುತ್ತಿದ್ದವು. ಇಂದಿನ ತೆನೆಯ ಕಾಳು ಮುಸುಕಿನೊಳಗೆ, ದಿಂಡಿಗೆ ಅಂಟಿಕೊಂಡೇ ಇರುತ್ತದೆ. ಮನುಷ್ಯರು ಸುಲಿದು, ಬಿಡಿಸಿ, ಬಿತ್ತದಿದ್ದರೆ ಅದಕ್ಕೆ ಮುಂದಿನ ಪೀಳಿಗೆಯಿಲ್ಲ.

ಈಗಿನ ನ್ಯೂಯಾರ್ಕ್ ರಾಜ್ಯದ ನೆಲದಲ್ಲಿ ಆ ಕೆಲಸ ಮಾಡುತ್ತಿದ್ದವರು ಹೊಡಿನೊಶೋನಿ ಹೆಂಗಸರು. ಹೊರಗಿನವರು ಇರಾಕ್ವಾ ಎಂದು ಕರೆದ ಒಕ್ಕೂಟದ ಜನ ಇವರು. ಹೊಲ, ಬೀಜ, ಫಸಲು ಎಲ್ಲವೂ ಹೆಂಗಸರ ಕೈಯಲ್ಲಿದ್ದವು. ಜೋಳದ ಬುಡದಲ್ಲಿ ಹುರುಳಿಕಾಯಿ ಹಬ್ಬಿಸಿ, ನಡುವೆ ಕುಂಬಳ ಹರಡಲು ಬಿಡುತ್ತಿದ್ದರು. ಮೂರನ್ನೂ ಅಕ್ಕತಂಗಿಯರೆಂದು ಕರೆಯುತ್ತಿದ್ದರು. ಒಣಗಿದ ಕಾಳನ್ನು ಬೂದಿಯ ನೀರಲ್ಲಿ ಬೇಯಿಸಿ ಸಿಪ್ಪೆ ತೆಗೆಯುತ್ತಿದ್ದರು. ಬೇಸಿಗೆಯ ಕೊನೆಗೆ ಎಳೆಯ ತೆನೆ ಬಂದಾಗ ಹಬ್ಬ ಮಾಡುತ್ತಿದ್ದರು.

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಒಕ್ಕೂಟದ ಬಹುಪಾಲು ಜನ ಬ್ರಿಟಿಷರ ಕಡೆ ನಿಂತರು. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಅವರ ಮೇಲೆ ಜನರಲ್ ಜಾನ್ ಸಲಿವನ್‌ನ ಸೇನೆಯನ್ನು ಕಳಿಸಿದ. ಊರುಗಳನ್ನು ಹಾಳುಮಾಡುವುದಷ್ಟೇ ಅಲ್ಲ, ನಿಂತ ಪೈರನ್ನು ನಾಶಮಾಡಿ ಮತ್ತೆ ಬಿತ್ತದಂತೆ ತಡೆಯಬೇಕೆಂಬುದೂ ಅವನ ಆಜ್ಞೆಯಲ್ಲಿತ್ತು. ಸೇನೆ ಹೋದದ್ದು ತೆನೆ ಬಲಿಯುವ ಕಾಲಕ್ಕೆ. 40 ಊರುಗಳನ್ನೂ 1,60,000 ಬುಷೆಲ್ ಜೋಳವನ್ನೂ ನಾಶಮಾಡಿದೆವೆಂದು ಸಲಿವನ್ ವರದಿ ಬರೆದ. ಒಂದು ಬುಷೆಲ್ ಎಂದರೆ ಸುಮಾರು 35 ಲೀಟರ್ ಅಳತೆ. ಆ ವರ್ಷದ ಚಳಿಗಾಲವೂ ಭೀಕರವಾಗಿತ್ತು.

ಸುಟ್ಟ ಹೊಲಗಳಿಗೆ ಮರಳಿದವರಲ್ಲಿ ಮೇರಿ ಜೆಮಿಸನ್ ಒಬ್ಬಳು. ಹುಟ್ಟಿನಿಂದ ಬಿಳಿಯಳು, ಹುಡುಗಿಯಾಗಿದ್ದಾಗ ಸೆರೆಸಿಕ್ಕಿ ಸೆನೆಕಾ ಜನರಲ್ಲಿ ಒಬ್ಬಳಾಗಿ ಬೆಳೆದವಳು. 1824ರಲ್ಲಿ ಪ್ರಕಟವಾದ ತನ್ನ ಕಥನದಲ್ಲಿ, ಮಗುವಿಗೆ ಒಂದು ತುತ್ತೂ ಉಳಿದಿರಲಿಲ್ಲ ಎನ್ನುತ್ತಾಳೆ. ಇಬ್ಬರು ಮಕ್ಕಳನ್ನು ಬೆನ್ನಿಗೆ ಹೊತ್ತು, ಮೂವರನ್ನು ನಡೆಸಿಕೊಂಡು ಅವಳು ಗಾರ್ಡೋ ಬಯಲಿಗೆ ಹೋದಳು. ಅಲ್ಲಿ ದಾಸ್ಯದಿಂದ ಓಡಿಬಂದ ಇಬ್ಬರು ಕಪ್ಪು ಜನ ಜೋಳ ಬೆಳೆದಿದ್ದರು. ಅವರ ತೆನೆಗಳ ಮುಸುಕು ಸುಲಿದುಕೊಟ್ಟು ಕೂಲಿಯಾಗಿ 100 ಸರ ತೆನೆ ಪಡೆದಳು. ಬಿಡಿಸಿದರೆ 25 ಬುಷೆಲ್ ಕಾಳು. ಮಕ್ಕಳು ಬದುಕಿದ್ದು ಅದರಿಂದ.

ಅದೇ ದಂಡಯಾತ್ರೆಯ ಸೈನಿಕನೊಬ್ಬ ಇರಾಕ್ವಾ ಹೊಲದಿಂದ ‘ಪಪೂನ್’ ಎಂಬ ಸಿಹಿಜೋಳದ ಬೀಜವನ್ನು ಮ್ಯಾಸಚೂಸೆಟ್ಸ್‌ಗೆ ಒಯ್ದನೆಂದು ಮುಂದಿನ ಶತಮಾನದ ಬರಹಗಳು ಹೇಳುತ್ತವೆ. ಬಿಳಿಯರ ಹಿತ್ತಲಿಗೆ ಸಿಹಿಜೋಳ ಬಂದ ಬಗೆಗೆ ಹೆಚ್ಚಾಗಿ ಹೇಳುವ ಕಥೆ ಇದೇ. ಅದು ನಿಜವಾಗಿದ್ದರೆ, ಬೆಳೆಯನ್ನು ಸುಡಲು ಬಂದವರೇ ಬೀಜವನ್ನು ಜೇಬಿಗೆ ಹಾಕಿಕೊಂಡು ಹೋದರು.

ಆಮೇಲಿನದು ತಳಿಗಾರರ ಚರಿತ್ರೆ. ಹಳದಿ ಜೋಳ ದನಕ್ಕೆ, ಬಿಳಿ ಜೋಳ ಜನಕ್ಕೆ ಎಂದುಕೊಂಡಿದ್ದ ಕಾಲದಲ್ಲಿ, 1902ರಲ್ಲಿ, ಬರ್ಪಿ ಬೀಜ ಕಂಪನಿ ‘ಗೋಲ್ಡನ್ ಬ್ಯಾಂಟಮ್’ ಎಂಬ ಹಳದಿ ಸಿಹಿಜೋಳ ಮಾರಲು ತೊಡಗಿತು. ಎಂಟು ಸಾಲು ಕಾಳಿನ ಪುಟ್ಟ ತೆನೆ ಅದು. 1953ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ ಇನ್ನೊಂದು ಕೆಟ್ಟ ಜೀನಿನಿಂದ ಇನ್ನೂ ಹೆಚ್ಚು ಸಿಹಿ ಪಡೆಯಬಹುದೆಂದು ಪ್ರಕಟಿಸಿದ. ಮುರಿದು ದಿನಗಳು ಕಳೆದರೂ ಸಿಹಿ ಕೆಡದ ತಳಿಗಳು ಬಂದದ್ದು ಆ ದಾರಿಯಲ್ಲಿ.

ಇವತ್ತು ನಮ್ಮಲ್ಲೂ ಹಿತ್ತಲಲ್ಲಿ, ತಾರಸಿಯಲ್ಲಿ ಇದನ್ನು ಬೆಳೆಯುವವರಿದ್ದಾರೆ. ಸೂಲಂಗಿಯ ಪರಾಗ ಗಾಳಿಯಲ್ಲಿ ತೇಲಿ ತೆನೆಯ ಕೂದಲಿಗೆ ತಾಗಬೇಕು. ಒಂದು ಎಳೆಗೆ ಒಂದು ಕಾಳು. ಅದಕ್ಕೇ ಒಂದೇ ಉದ್ದ ಸಾಲಿನ ಬದಲು ಮೂರು ನಾಲ್ಕು ಸಾಲು ಒತ್ತಾಗಿ ಬಿತ್ತಬೇಕು. ದಾವಣಗೆರೆ, ಹಾವೇರಿಯ ಕಡೆ ಪಕ್ಕದ ಹೊಲದ ಗೋವಿನಜೋಳವೂ ಅದೇ ಹೊತ್ತಿಗೆ ಹೂವಾಡಿದರೆ, ಆ ಪರಾಗ ತಾಗಿದ ಕಾಳು ಸಪ್ಪೆಯಾಗುತ್ತದೆ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹೈಬ್ರಿಡ್ ಬೀಜ. ಅದರ ಕಾಳು ಎತ್ತಿಟ್ಟು ಬಿತ್ತಿದರೆ ಮರುವರ್ಷ ಅದೇ ತೆನೆ ಬರುವುದಿಲ್ಲ. ಗೋಲ್ಡನ್ ಬ್ಯಾಂಟಮ್‌ನಂಥ ಹಳೆಯ ತಳಿಯಾದರೆ ಬರುತ್ತದೆ. ಅಂಥದ್ದು ಸಿಕ್ಕವರು ಒಳ್ಳೆಯ ತೆನೆಗಳನ್ನೆಲ್ಲ ಬೇಯಿಸಿ ತಿಂದುಬಿಡದೆ, ಕೆಲವನ್ನು ಬೀಜಕ್ಕೆಂದು ಗಿಡದಲ್ಲೇ ಒಣಗಲು ಬಿಡಬೇಕು.