ಜಲದಾನ ಮತ್ತು ಜಾಗರೂಕತೆ: ಬಾಂಗ್ಲಾದೇಶದ ಕೊಳವೆಬಾವಿಗಳ ಪಾಠ

ಬಾಯಾರಿ ಬಂದವರಿಗೆ ನೀರು ಕೊಡುವುದು ಶ್ರಾವಕರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಸತ್ಕಾರ್ಯ. ಬಸದಿಯ ಮುಂದೆ ಅರವಟ್ಟಿಗೆ ಇಡುವ, ಊರಿಗೆ ಬಾವಿ ತೋಡಿಸುವ ದಾನಿಗಳಿಗೆ ಸಮಾಜದಲ್ಲಿ ಎಂದೂ ಕೊರತೆಯಾಗಿಲ್ಲ. ಆದರೆ ಸದ್ಭಾವದಿಂದ ಕೊಟ್ಟ ನೀರೂ ವಿಷವಾಗಬಲ್ಲದೆಂಬುದಕ್ಕೆ ನೆರೆಯ ಬಾಂಗ್ಲಾದೇಶದ ಇತಿಹಾಸವೇ ಸಾಕ್ಷಿ.

ಗಂಗಾ–ಬ್ರಹ್ಮಪುತ್ರಾ ನದಿಗಳ ಮುಖಜಭೂಮಿಯಾದ ಆ ದೇಶದಲ್ಲಿ ನೀರಿಗೆ ಬರವಿರಲಿಲ್ಲ; ಶುದ್ಧವಾದ ನೀರಿಗೆ ಬರವಿತ್ತು. ಹಳ್ಳಿಗರು ಕೆರೆ, ಹೊಂಡ, ಹೊಳೆಗಳ ನೀರನ್ನೇ ಕುಡಿಯುತ್ತಿದ್ದರು. ವಾಂತಿಭೇದಿಗೆ ಅಸಂಖ್ಯ ಶಿಶುಗಳು ಬಲಿಯಾಗುತ್ತಿದ್ದವು. 1971ರಲ್ಲಿ ದೇಶವು ಸ್ವತಂತ್ರವಾದ ಮೇಲೆ ಅಲ್ಲಿನ ಸರ್ಕಾರವೂ ಯುನಿಸೆಫ್ ಸಂಸ್ಥೆಯೂ ಕೂಡಿ ಹಳ್ಳಿಹಳ್ಳಿಗೆ ಕೈಪಂಪಿನ ಕೊಳವೆಬಾವಿಗಳನ್ನು ಕೊರೆಸಿದವು. ಖರ್ಚು ಅಲ್ಪ, ನೀರು ತಿಳಿ. ಮುಂದೆ ಜನರು ತಾವೇ ಹಣ ಹಾಕಿ ಲಕ್ಷಾಂತರ ಬಾವಿಗಳನ್ನು ಕೊರೆಸಿಕೊಂಡರು. ನೀರಿನಲ್ಲಿ ಆರ್ಸೆನಿಕ್ ಎಂಬ ವಿಷಧಾತು ಇದೆಯೇ ಎಂದು ನೋಡುವ ವಾಡಿಕೆ ಆಗ ಇರಲಿಲ್ಲ.

ಹಿಮಾಲಯದಿಂದ ಬಂದ ಮೆಕ್ಕಲುಮಣ್ಣಿನಲ್ಲಿ ಕಬ್ಬಿಣದ ಅಂಶಕ್ಕೆ ಅಂಟಿಕೊಂಡಿದ್ದ ಆ ಧಾತುವು ಆಮ್ಲಜನಕವಿಲ್ಲದ ಅಂತರ್ಜಲದಲ್ಲಿ ಬಿಡುಗಡೆಯಾಗಿ ಕರಗುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಕುಡಿದವರ ಮೈಮೇಲೆ ಕಲೆಗಳು ಮೂಡಿದವು. ಅಂಗೈ ಅಂಗಾಲುಗಳು ಗಂಟುಗಟ್ಟಿದವು. ಕೆಲವರಿಗೆ ಕ್ಯಾನ್ಸರ್ ತಗಲಿತು. 1983ರಲ್ಲಿ ಕಲ್ಕತ್ತೆಯ ಚರ್ಮವೈದ್ಯ ಡಾ. ಕೆ. ಸಿ. ಸಾಹಾ ಅವರು ಪಶ್ಚಿಮ ಬಂಗಾಳದ ರೋಗಿಗಳಲ್ಲಿ ಈ ವ್ಯಾಧಿಯನ್ನು ಗುರುತಿಸಿದರು. ಗಡಿಯಾಚೆಯ ಬಾವಿಗಳಲ್ಲಿ ಅದು ಪತ್ತೆಯಾದದ್ದು 1993ರಲ್ಲಿ. 1998–99ರ ಸಮೀಕ್ಷೆಯಲ್ಲಿ, ಹೆಚ್ಚು ಆಳವಿಲ್ಲದ ಬಾವಿಗಳಲ್ಲಿ ನೂರಕ್ಕೆ 27ರಷ್ಟು ಆ ದೇಶದ ಮಿತಿಯಾದ ಲೀಟರಿಗೆ 50 ಮೈಕ್ರೋಗ್ರಾಂ ಪ್ರಮಾಣವನ್ನು ಮೀರಿದ್ದವು. ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸುವ ಮಿತಿಯಾದರೋ ಕೇವಲ 10.

1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯು ಅಲ್ಲಿನ ಕೆಲವು ಬಾವಿಗಳ ನೀರನ್ನು ಪರೀಕ್ಷಿಸಿ ವರದಿ ಕೊಟ್ಟಿತ್ತು. ಆ ಪರೀಕ್ಷೆಯಲ್ಲಿ ಆರ್ಸೆನಿಕ್ ಸೇರಿರಲಿಲ್ಲ. ಪೀಡಿತರೊಬ್ಬರು ಇಂಗ್ಲೆಂಡಿನ ನ್ಯಾಯಾಲಯದ ಮೊರೆಹೊಕ್ಕರು. ಸಂಸ್ಥೆಗೆ ಅವರ ವಿಷಯದಲ್ಲಿ ಕಾನೂನಿನ ಹೊಣೆಯಿಲ್ಲವೆಂದು 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಧರ್ಮದ ಲೆಕ್ಕ ಅಷ್ಟಕ್ಕೆ ಮುಗಿಯದು. ಯಾರೂ ಕೇಡನ್ನು ಬಯಸಿ ಬಾವಿ ತೋಡಿಸಲಿಲ್ಲ. ಅರಿಯದೆ ಆದದ್ದನ್ನು ಪಾಪವೆನ್ನುವುದೂ ಸರಿಯಲ್ಲ. ಆದರೆ ಅರಿತ ಮೇಲೂ ತಡಮಾಡುವುದು ಪ್ರಮಾದ. ಪ್ರಮಾದವೇ ಹಿಂಸೆಯ ಬಾಗಿಲೆಂದು ಜೈನಾಚಾರ್ಯರು ಎಚ್ಚರಿಸಿದ್ದಾರೆ.

ಪರಿಹಾರವೂ ಪರೀಕ್ಷೆಯಿಂದಲೇ ಮೊದಲಾಯಿತು. 2000ದಿಂದ 2003ರೊಳಗೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಸುರಕ್ಷಿತವಾದವಕ್ಕೆ ಹಸಿರು, ವಿಷಯುಕ್ತವಾದವಕ್ಕೆ ಕೆಂಪು ಬಣ್ಣ ಬಳಿಯಲಾಯಿತು. ಸುಮಾರು 14 ಲಕ್ಷ ಬಾವಿಗಳು ಕೆಂಪಾದವು. ಹಸಿರು ಬಾವಿಯನ್ನು ನೆರೆಹೊರೆಯವರು ಹಂಚಿಕೊಳ್ಳುವುದು, ಹೆಚ್ಚು ಆಳದ ಬಾವಿ, ಮಳೆನೀರಿನ ಸಂಗ್ರಹ, ಶೋಧಕಗಳು – ಹೀಗೆ ಹಲವು ಮಾರ್ಗಗಳು ಬಳಕೆಗೆ ಬಂದವು.

ಅದೇ ದೇಶದ ಮತ್ತೊಂದು ಪ್ರಯೋಗವು ಜೈನ ಗೃಹಸ್ಥರಿಗೆ ಆತ್ಮೀಯವೆನಿಸೀತು. ಹಳೆಯ ಸೀರೆಯ ಬಟ್ಟೆಯನ್ನು ಹಲವು ಮಡಿಕೆ ಮಾಡಿ ಕೆರೆ ಹೊಳೆಗಳ ನೀರನ್ನು ಸೋಸುವುದನ್ನು ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಮಟ್ಲಬ್ ಪ್ರದೇಶದ ಹಳ್ಳಿಗರಿಗೆ ಕಲಿಸಿದರು. ಕಾಲರಾ ರೋಗಾಣುಗಳು ಅಂಟಿಕೊಂಡಿರುವ ಸೂಕ್ಷ್ಮ ಜಲಜೀವಿಗಳನ್ನು ಆ ಬಟ್ಟೆಯು ತಡೆಯಿತು. ರೋಗವು ನೂರಕ್ಕೆ 48ರಷ್ಟು ತಗ್ಗಿತೆಂದು 2003ರಲ್ಲಿ ಪ್ರಕಟವಾಯಿತು. ಸೋಸಿ ಕುಡಿಯುವ ಆಚಾರದ ಮೂಲ ಜೀವದಯೆ. ಅದರಿಂದ ಆರೋಗ್ಯಲಾಭವೂ ಉಂಟೆಂಬುದಕ್ಕೆ ಇದು ನಿದರ್ಶನ. ಆದರೆ ಕರಗಿದ ಆರ್ಸೆನಿಕನ್ನು ಬಟ್ಟೆ ತಡೆಯಲಾರದು. ಕಾಯಿಸಿದರೂ ಅದು ಹೋಗದು. ಹಳೆಯ ಆಚಾರವನ್ನು ಬಿಡದೆ, ಅದಕ್ಕೆ ಹೊಸ ಪರೀಕ್ಷೆಯನ್ನು ಕೂಡಿಸಿಕೊಳ್ಳುವುದೇ ವಿವೇಕ.

ಕರ್ನಾಟಕದಲ್ಲಿಯೂ ಕೋಲಾರ, ಪಾವಗಡಗಳಂತಹ ಸೀಮೆಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದು ಹಲ್ಲು ಮೂಳೆಗಳನ್ನು ಕೆಡಿಸಿದೆ. 2022ರಲ್ಲಿ ಜಗತ್ತಿನ 220 ಕೋಟಿ ಜನರಿಗೆ ಸುರಕ್ಷಿತ ವ್ಯವಸ್ಥೆಯ ಕುಡಿಯುವ ನೀರು ಇರಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜು ಮಾಡಿದವು. ಆದುದರಿಂದ ಬಾವಿ ತೋಡಿಸುವ ಟ್ರಸ್ಟುಗಳು ದಾನಿಯ ಹೆಸರಿನ ಕಲ್ಲು ನೆಡುವ ಮುನ್ನ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಲಿ. ಕಾಲಕಾಲಕ್ಕೆ ಮರುಪರೀಕ್ಷೆಗೂ ದುರಸ್ತಿಗೂ ಆಯವ್ಯಯದಲ್ಲಿ ಹಣ ತೆಗೆದಿರಿಸಲಿ. ನೀರು ಕೊಟ್ಟಲ್ಲಿಗೆ ದಾನ ಮುಗಿಯುವುದಿಲ್ಲ. ಕುಡಿದವರು ಕ್ಷೇಮವಾಗಿರುವರೇ ಎಂದು ನೋಡುತ್ತಿರುವವರೆಗೂ ಅದು ನಡೆಯುತ್ತಲೇ ಇರುತ್ತದೆ.